ಸವತಿಗೆ ಕಾಣದ ದೆವ್ವ

ದೆವ್ವ ಇದೆಯೋ ಇಲ್ಲವೋ ಎಂದು ಜನ ಊರವರನ್ನೆಲ್ಲ ಕೇಳುತ್ತಾರೆ, ಎರಡನೇ ಸಂಬಂಧಕ್ಕೆ ಬಂದವಳನ್ನು ಮಾತ್ರ ಕೇಳುವುದಿಲ್ಲ. ಕೇಳಿದ್ದರೆ ಹೇಳುತ್ತಿದ್ದೆ. ನಾನು ಮುನವಳ್ಳಿಯಿಂದ ಬೈಲಹೊಂಗಲಕ್ಕೆ ಮದುವೆಯಾಗಿ ಬಂದ ದಿನ ನನ್ನ ಕೊರಳಿಗೆ ಎರಡು ಬಿದ್ದವು. ಒಂದು ತಾಳಿ, ಇನ್ನೊಂದು ಸವತಿ ಪದಕ. ಉಗುರಿನಷ್ಟಗಲದ ಬೆಳ್ಳಿ ತಗಡು, ಅದರ ಮೇಲೆ ಒಂದು ಹೆಣ್ಣಿನ ಆಕಾರ. ತೀರಿಹೋದ ಮೊದಲ ಹೆಂಡತಿ ಅಂದರೆ ಅದೇ. ಹೊಸ ಸೀರೆ ಬಂದರೆ ಮೊದಲು ಅವಳಿಗೆ ಮುಟ್ಟಿಸಿ, ಅರಿಷಿಣ ಕುಂಕುಮ ಹಚ್ಚಿ, ‘ನೀ ಉಟ್ಟು ಕೊಡವಾ’ ಎಂದು ಕೇಳಿ ಆಮೇಲೆ ನಾನು ಉಡಬೇಕು. ಹಬ್ಬದ ಹೋಳಿಗೆಯೂ ಹಾಗೆಯೇ, ಮುಡಿಯುವ ಹೂವೂ ಹಾಗೆಯೇ. ತಪ್ಪಿದರೆ ಅವಳು ಮುನಿಯುತ್ತಾಳೆ, ಮುನಿದರೆ ಎರಡನೆಯವಳಿಗೆ ಕೂಸು ನಿಲ್ಲುವುದಿಲ್ಲ ಎಂದು ನಮ್ಮ ಕಡೆ ನಂಬಿಕೆ.

ನಾನು ಎಲ್ಲವನ್ನೂ ಮಾಡಿದೆ, ಆದರೆ ಬಾಯಿ ಮುಚ್ಚಿಕೊಂಡು ಮಾಡಲಿಲ್ಲ. ನನ್ನ ಬಾಯಿ ಮೊದಲಿನಿಂದಲೂ ದೊಡ್ಡದು. ಅತ್ತೆ ಮಾವ ಇಲ್ಲದ ಮನೆ, ಗಂಡ ಬೆಳಿಗ್ಗೆ ಹೋದರೆ ಸಂಜೆಗೆ ಬರುವವರು, ಮಾತಾಡಲು ಇನ್ನಾರಿದ್ದರು? ಒಲೆ ಹೊಗೆಯಾಡಿದರೆ ಪದಕ ಹಿಡಿದು ಅವಳನ್ನೇ ಕೇಳುತ್ತಿದ್ದೆ, ‘ಈ ಒಲಿ ಹಾಕಿದಾಕಿ ನೀನಲ್ಲ? ಗಾಳಿ ಯಾವ ಕಡೆ ಬೀಸತೈತಿ ಅಂತ ನೋಡಬಾರದಿತ್ತ?’ ಹಪ್ಪಳ ಕೆಟ್ಟರೆ ಅವಳಿಗೆ ಬೈಗಳು, ಚೆನ್ನಾಗಿ ಬಂದರೆ ಅವಳಿಗೇ ಮೊದಲನೆಯದು. ಹೊರಗಿನವರು ಕೇಳಿದ್ದರೆ ಈ ಮನೆಯಲ್ಲಿ ಇಬ್ಬರು ಹೆಂಗಸರಿದ್ದಾರೆ ಅಂದುಕೊಳ್ಳಬೇಕು, ಹಾಗೆ.

ಅವಳು ತೀರಿಕೊಂಡದ್ದು ಪ್ಲೇಗಿನಲ್ಲಿ. ಇಲಿ ಬಿದ್ದವೆಂದು ಊರಿಗೆ ಊರೇ ಹೊಲಗಳಲ್ಲಿ ಗುಡಿಸಲು ಹಾಕಿಕೊಂಡಿದ್ದ ವರ್ಷ ಅದು. ಅವಳಿಗೆ ಜ್ವರ ಬಂದಾಗ ನನ್ನ ಗಂಡ ನಾಲ್ಕು ವರ್ಷದ ಮಗಳನ್ನು ಎತ್ತಿಕೊಂಡು ಬೇರೆ ಗುಡಿಸಲಿಗೆ ಹೋದರು. ದಿನಾ ಗಂಜಿ ತಂದು ಬಾಗಿಲಲ್ಲಿ ಇಟ್ಟು, ಕೂಗಿ ಹೇಳಿ, ದೂರ ಸರಿದು ನಿಲ್ಲುತ್ತಿದ್ದರಂತೆ. ಇದನ್ನು ಅವರು ನನಗೆ ಹೇಳಲಿಲ್ಲ, ಓಣಿಯವರು ಹೇಳಿದರು. ಯಾರೂ ತಪ್ಪೆಂದು ಹೇಳಲಿಲ್ಲ. ಆ ವರ್ಷ ಎಲ್ಲರೂ ಮಾಡಿದ್ದು ಅದನ್ನೇ. ರಾಮದುರ್ಗದಲ್ಲಿದ್ದ ಅವಳ ತಾಯಿಗೆ ಸುದ್ದಿ ಮುಟ್ಟುವ ಹೊತ್ತಿಗೆ ಎಲ್ಲ ಮುಗಿದಿತ್ತು. ಮುತ್ತೈದೆ ಸತ್ತರೆ ತವರಿನ ಸೀರೆ ಹೊದಿಸಿ, ತವರಿನವರೇ ಉಡಿ ತುಂಬಿ ಕಳಿಸಬೇಕು. ಅವಳಿಗೆ ತವರಿನ ಒಂದು ಹಿಡಿ ಅಕ್ಕಿಯೂ ಸಿಗಲಿಲ್ಲ.

ಆ ಮಗಳು ನನಗೆ ಬಂದಳು. ಹಟವಿಲ್ಲ, ಅಳುವಿಲ್ಲ, ಚೇಷ್ಟೆಯಿಲ್ಲ. ‘ಉಣ್ಣು’ ಅಂದರೆ ಉಂಡಳು, ‘ಮಲಗು’ ಅಂದರೆ ಮಲಗಿದಳು. ತಟ್ಟೆ ತಾನೇ ತೊಳೆದು ಗೋಡೆಗೆ ಒರಗಿಸಿ ಇಡುತ್ತಿದ್ದಳು. ಮೂರು ವರ್ಷ ನನ್ನ ಮನೆಯಲ್ಲಿ ಬೀಗರ ಹಾಗೆ ಇದ್ದಳು. ನೆರೆಯವರು ‘ಎಂಥಾ ಶಾಣ್ಯಾ ಹುಡಿಗಿ’ ಅನ್ನುತ್ತಿದ್ದರು. ತಾಯಿಯ ಎದುರು ಅಷ್ಟು ಶಾಣ್ಯಾ ಇರುವ ಮಗುವನ್ನು ನಾನು ಎಲ್ಲೂ ಕಂಡಿಲ್ಲ.

ನಡುವೆ ನನಗೂ ಒಂದು ಕೂಸು ಹುಟ್ಟಿತು, ಹೆಸರಿಡುವ ಮೊದಲೇ ಹೋಯಿತು. ಓಣಿ ಕೂಡಲೇ ತೀರ್ಪು ಕೊಟ್ಟಿತು: ಮೊದಲನೆಯವಳು ಒಯ್ದಳು. ಆ ಮಾತು ಸಂತೆಯ ಗಾಡಿಗಳ ಜೊತೆ ರಾಮದುರ್ಗಕ್ಕೂ ಹೋಯಿತು. ಅಲ್ಲಿಂದ ಅಜ್ಜಿ ಹೇಳಿ ಕಳಿಸಿದಳು, ‘ನನ್ನ ಮಗಳಿಗೆ ಆ ಮನ್ಯಾಗ ಸಮಾಧಾನ ಇಲ್ಲ. ಸುಗ್ಗಿ ಮುಗೀಲಿ, ಬಂದು ಮೊಮ್ಮಗಳನ್ನ ಕರಕೊಂಡು ಹೋಗತೇನಿ.’ ನನ್ನ ಗಂಡ ಬೇಡವೆನ್ನಲಿಲ್ಲ. ಆ ಮುದುಕಿಯ ಎದುರು ಬೇಡವೆನ್ನುವ ಬಾಯಿ ಅವರಿಗೆ ಇರಲಿಲ್ಲ. ನನ್ನನ್ನು ಯಾರೂ ಕೇಳಲಿಲ್ಲ, ಹುಡುಗಿಯನ್ನೂ ಕೇಳಲಿಲ್ಲ. ನನಗೆ ಹುಡುಗಿ ಬೇಕಾಗಿತ್ತು. ಅಷ್ಟೇ ಮಾತು. ಆದರೆ ಹೆತ್ತ ತಾಯಿಯ ತಾಯಿ ಕೇಳುವಾಗ ಮಲತಾಯಿ ಕೊಡುವುದಿಲ್ಲ ಅಂದರೆ, ದುಡಿಸಿಕೊಳ್ಳಲು ಇಟ್ಟುಕೊಂಡಳು ಅನ್ನುತ್ತಾರೆ.

ನಾಟಕದ ಸಂಗತಿ ಇಲ್ಲಿಗೆ ಬರುತ್ತದೆ.

ನನ್ನ ಗಂಡ ಅರಳೆ ವ್ಯಾಪಾರಿಯೊಬ್ಬರ ಅಂಗಡಿಯಲ್ಲಿ ಗುಮಾಸ್ತರು, ಆದರೆ ಜೀವವೆಲ್ಲ ನಾಟಕದಲ್ಲಿ. ಊರಿನ ಹತ್ತಾರು ಮಂದಿ ಸೇರಿ ಮಂಡಳಿ ಮಾಡಿಕೊಂಡಿದ್ದರು. ಇವರು ಆಟ ಬರೆಯುವವರು, ರಾಜನ ಪಾರ್ಟು ಹಾಕುವವರೂ ಇವರೇ. ಒಮ್ಮೆ ಅರಳೆಯ ಕೆಲಸಕ್ಕೆ ಬೆಳಗಾವಿಗೆ ಹೋದವರು ಅಲ್ಲಿ ಇಂಗ್ಲಿಷಿನಿಂದ ಮರಾಠಿಗೆ ತಂದ ಒಂದು ದುಃಖದ ನಾಟಕ ನೋಡಿ ಬಂದರು. ಬಂದವರು ಊಟಕ್ಕೂ ಕೂರಲಿಲ್ಲ.

“ನಮ್ಮ ಆಟದಾಗ ಕಡೀಕ ದೇವರು ಬರ್ತಾನ, ಸತ್ತಾರ್ನ ಎಬ್ಬಸ್ತಾನ. ಅವರದ್ರಾಗ ಸತ್ತಾರು ಬರ್ತಾರ, ಇದ್ದಾರ್ನ ಕರಕೊಂಡು ಹೋಗತಾರ. ಏನ ಕಲ್ಪನಾ ನೋಡ” ಅಂದರು.

“ಇದರಾಗೇನ ಹೊಸಾದು? ನಮ್ಮ ಓಣ್ಯಾಗ ದಿನಾ ಅದನ್ನ ಮಾತಾಡತಾರ. ಮೊದಲ ಉಣ್ಣ ಬರ್ರಿ” ಅಂದೆ ನಾನು.

ಆ ಚಳಿಗಾಲವಿಡೀ ಕೂತು ತಮ್ಮದೇ ಒಂದು ಆಟ ಬರೆದರು. ಒಬ್ಬ ರಾಜ. ಅವನಿಗೊಂದು ಕೂಸು ಹೆತ್ತ ಪಟ್ಟದ ರಾಣಿ ಶತ್ರುಗಳಿಗೆ ಕೋಟೆಯ ಗುಟ್ಟು ಕೊಟ್ಟಳೆಂದು ಯಾರೋ ಕಿವಿ ಊದುತ್ತಾರೆ. ರಾಜ ಅವಳನ್ನು ಹಗೇವಿಗೆ, ಅಂದರೆ ನೆಲದೊಳಗೆ ಜೋಳ ತುಂಬುವ ಆಳದ ಗುಂಡಿಗೆ, ಇಳಿಸಿ ಮೇಲೆ ಕಲ್ಲು ಎಳೆಸುತ್ತಾನೆ. ಆಮೇಲೆ ಇನ್ನೊಂದು ಮದುವೆಯಾಗುತ್ತಾನೆ. ಸತ್ತ ರಾಣಿ ದೆವ್ವವಾಗಿ ಬರುತ್ತಾಳೆ. ಅವಳು ರಾಜನೊಬ್ಬನಿಗೇ ಕಾಣುತ್ತಾಳೆ. ಕೊನೆಗೆ ರಾಜ ತಾನೇ ಆ ಹಗೇವಿಗೆ ಇಳಿದು ಸಾಯುತ್ತಾನೆ. ಎಬ್ಬಿಸಲು ಯಾವ ದೇವರೂ ಬರುವುದಿಲ್ಲ.

ತಾಲೀಮು ನಮ್ಮ ಪಡಸಾಲೆಯಲ್ಲೇ ನಡೆಯುತ್ತಿತ್ತು. ನಾನು ಒಳಗೆ ರೊಟ್ಟಿ ಬಡಿಯುತ್ತ ಕೇಳುತ್ತಿದ್ದೆ. ದೆವ್ವದ ಮುಂದೆ ರಾಜ ಹೇಳುವ ಮಾತು ಬಂತು: “ಹಗೇವಿನ ಬಾಯಿತನಕ ಬಂದೆನು. ಕೂಗಿದೆನು. ನೀನು ಓಗೊಟ್ಟೆ. ಆದರೂ ನಾನು ಒಳಗೆ ಇಳಿಯಲಿಲ್ಲ.” ಹೊರಗಿನವರು ಭಲೆ ಭಲೆ ಅಂದರು. ನನ್ನ ಕೈ ಹಿಟ್ಟಿನಲ್ಲೇ ನಿಂತಿತು. ರಾಜರು ಹಗೇವಿನ ಬಾಯಿಗೆ ಬಂದು ಕೂಗುವುದಿಲ್ಲ. ಗಂಜಿ ತಂದವರು ಕೂಗುತ್ತಾರೆ. ಈ ಮನುಷ್ಯ ಮೂರು ವರ್ಷ ಯಾರ ಹತ್ತಿರವೂ ಆಡದ ಮಾತನ್ನು ಆಡಲು ಒಂದು ರಾಜ್ಯ ಕಟ್ಟಿ, ಕಿರೀಟ ಹಾಕಿಕೊಂಡು, ಸತ್ತವಳನ್ನು ಎದುರು ನಿಲ್ಲಿಸಿಕೊಳ್ಳಬೇಕಾಯಿತಲ್ಲ ಎಂದು ಕರುಳು ಚುರುಕ್ ಅಂದಿತು. ಬಾಜೂಕೆ ಮಲಗುವ ನನಗೆ ಹೇಳಬಹುದಿತ್ತು ಎಂದು ಸಿಟ್ಟೂ ಬಂತು. ಎರಡೂ ಒಟ್ಟಿಗೇ ಬಂದವು.

ದೆವ್ವದ ವಿಷಯದಲ್ಲಿ ಊರಲ್ಲಿ ತಕರಾರು ಎದ್ದಿತು. ಮಠದ ಅಯ್ಯನವರು, ‘ಲಿಂಗದಾಗ ಕೂಡಿದವರು ತಿರುಗಿ ಬರೂದಿಲ್ಲ, ನಿಮ್ಮ ರಾಣಿ ಯಾವ ಮಂದಿ?’ ಎಂದು ಕೇಳಿದರು. ಮಂಡಳಿ ನಾಲ್ಕು ಸಲ ಸೇರಿ, ರಾಜನದೂ ರಾಣಿಯದೂ ಕುಲವನ್ನು ಎಲ್ಲೂ ಹೇಳುವುದು ಬೇಡವೆಂದು ತೀರ್ಮಾನ ಮಾಡಿತು. ಆಮೇಲೆ ಪಾದದ ಪ್ರಶ್ನೆ ಬಂತು. ದೆವ್ವದ ಪಾದ ಹಿಂದುಮುಂದಾಗಿರುತ್ತವೆ ಎಂದು ಹಾಲು ಕುಡಿಯುವ ಕೂಸಿಗೂ ಗೊತ್ತು. ಹಾಗಿಲ್ಲದಿದ್ದರೆ ಜನ ಒಪ್ಪುತ್ತಾರೆಯೇ? ರಾಣಿಯ ಪಾರ್ಟು ಪ್ರತಿ ಆಟದಲ್ಲೂ ನಮ್ಮ ಬಳೆಗಾರನದೇ. ತೆಳ್ಳಗೆ, ಎತ್ತರಕ್ಕೆ, ಮೀಸೆ ಬಾರದ ಮುಖ. ಊರಿನ ಹೆಂಗಸರಿಗೆಲ್ಲ ಬಳೆ ಇಡಿಸುತ್ತ ಅವರ ನಡೆ, ನುಡಿ, ಸೆರಗು ಜಾರಿದಾಗ ಎಳೆದುಕೊಳ್ಳುವ ರೀತಿ ಎಲ್ಲ ಕಲಿತಿದ್ದ. ಅವನು ಹಿಂದುಹಿಂದಕ್ಕೆ ನಡೆದು ರಂಗಕ್ಕೆ ಬರಬೇಕು, ಆಗ ಪಾದ ತಿರುವಿದಂತೆ ಕಾಣುತ್ತದೆ ಎಂದು ಉಪಾಯ ಹೂಡಿದರು. ಪಾಪ, ಮಧ್ಯಾಹ್ನ ಮಧ್ಯಾಹ್ನ ನಮ್ಮ ಓಣಿಯಲ್ಲಿ ಹಿಂದುಹಿಂದಕ್ಕೆ ನಡೆದು ಅಭ್ಯಾಸ ಮಾಡುತ್ತಿದ್ದ. ಒಂದು ದಿನ ತಿಪ್ಪೆಗೆ ಬಿದ್ದು ಕಾಲು ಉಳುಕಿತು. ಕೊನೆಗೆ ‘ನೆಟ್ಟಗ ನಡೀಲಿ ಬಿಡ್ರಿ’ ಅಂದರು. ಅಷ್ಟರಿಂದ ಏನಾಗುತ್ತದೆ ಎಂದು ಯಾರಿಗೂ ಹೊಳೆಯಲಿಲ್ಲ.

ನನ್ನ ತಕರಾರು ಬೇರೆ ಇತ್ತು. ಒಂದು ಸಂಜೆ ಗಂಡನನ್ನು ಕೇಳಿದೆ, “ದೆವ್ವ ಬಂದಾಗ ಎರಡನೇ ರಾಣಿ ಎಲ್ಲಿರ್ತಾಳ?”

“ಬಾಜೂಕ ಮಲಗಿರ್ತಾಳ.”

“ಅಕಿಗೆ ಕಾಣೂದಿಲ್ಲ?”

“ಇಲ್ಲ. ಪಾಪ ರಾಜಾಂದು, ಅವಗ ಅಷ್ಟ ಕಾಣ್ತೈತಿ. ಇಂಥಾ ನಾಟಕದಾಗ ದೆವ್ವ ಅಂದ್ರ ಹೊರಗಿಂದಲ್ಲ, ಮನಸಿನ ಒಳಗಿಂದು.”

“ಒಳಗಿಂದಾದ್ರ ಬಳಿಗಾರಗ ಸೀರಿ ಯಾಕ ಉಡಸ್ತೀರಿ? ಊರಾಗ ಯಾರನ್ನರ ಕೇಳಿ ನೋಡ್ರಿ. ಮೊದಲನೇಕಿ ಮೊದಲ ಕಾಣೂದು ಸವತಿಗೆ. ಮತ್ತ ಅಕಿಗೆ ಇಡೀ ಆಟದಾಗ ಒಂದರ ಮಾತ ಐತೇನು?”

ಅವರು ನಕ್ಕರು. ಎರಡನೇ ರಾಣಿಗೆ ಮಾತಿರಲಿಲ್ಲ. ಆ ಪಾರ್ಟನ್ನು ದರ್ಜಿಯ ತಮ್ಮನಿಗೆ ಕೊಟ್ಟಿದ್ದರು. ಮಲಗಿ ಗೊರಕೆ ಹೊಡೆಯದಿದ್ದರೆ ಸಾಕು ಎಂದು ಹೇಳಿದ್ದರು.

ಆಟ ಹತ್ತಿರ ಬಂದಾಗ ಗಂಡ ನನ್ನ ಮುಂದೆ ನಿಂತು ಗಂಟಲು ಸರಿಮಾಡಿಕೊಂಡರು. ದೆವ್ವಕ್ಕೆ ಒಳ್ಳೆಯ ಸೀರೆ ಇಲ್ಲವಂತೆ. ಪೆಟ್ಟಿಗೆಯಲ್ಲಿ ಅವಳ ಇಳಕಲ್ ಸೀರೆ ಇತ್ತು, ತವರಿನವರು ಮದುವೆಯಲ್ಲಿ ಉಡಿಸಿದ್ದು. ಅದನ್ನು ಕೊಡುವ ಹಕ್ಕು ಈಗ ನನ್ನದು. ಪದಕವನ್ನು ಅದಕ್ಕೆ ಮುಟ್ಟಿಸಿ ಅವಳನ್ನು ಕೇಳಿದೆ, ‘ಬಳಿಗಾರ ಉಡ್ತಾನಂತ, ಕೊಡ್ಲೇನವಾ?’ ಅವಳು ಬೇಡವೆನ್ನಲಿಲ್ಲ. ಅವಳು ಯಾವುದಕ್ಕೂ ಬೇಡವೆನ್ನುವುದಿಲ್ಲ. ಅವಳ ಜೊತೆ ನನ್ನ ಜಗಳ ಇರುವುದೇ ಅದಕ್ಕೆ.

ಆಟದ ದಿನ ಮಧ್ಯಾಹ್ನ ರಾಮದುರ್ಗದ ಗಾಡಿ ನಮ್ಮ ಬಾಗಿಲಿಗೆ ಬಂತು. ಸವದತ್ತಿಯಲ್ಲಿ ಒಂದು ರಾತ್ರಿ ಇಳಿದು ಬಂದಿದ್ದಳು ಅಜ್ಜಿ. ಸಣ್ಣ ಮೈ, ನೆಟ್ಟನೆಯ ಬೆನ್ನು, ಕಂಕುಳಲ್ಲಿ ಒಂದು ಗಂಟು. ನೀರು ಕೊಟ್ಟರೆ ಮುಟ್ಟಲಿಲ್ಲ.

“ಸಿಟ್ಟಿಲ್ಲವಾ ನನಗ. ಮಗಳು ಹ್ವಾದ ಮನಿ ನೀರು ಗಂಟಲಾಗ ಇಳಿಯೂದಿಲ್ಲ. ನಾಳೆ ಮುಂಜಾನೆ ಹುಡಿಗಿನ್ನ ಕರಕೊಂಡು ಹೊರಡತೇನಿ” ಎಂದು ಕಟ್ಟೆಯ ಮೇಲೆಯೇ ಕೂತಳು.

ಗಂಟಿನಲ್ಲಿ ಏನಿದೆ ಎಂದು ಕೇಳಿದೆ. ಅಕ್ಕಿ, ಕುಪ್ಪಸದ ಖಣ, ಕೊಬ್ಬರಿ ಬಟ್ಟಲು, ಅರಿಷಿಣದ ಬೇರು. ಮಗಳಿಗೆ ತುಂಬಬೇಕಾಗಿದ್ದ ಉಡಿ. ಮೂರು ವರ್ಷದಿಂದ ಕಟ್ಟಿ ಇಟ್ಟಿದ್ದಾಳೆ; ಅಕ್ಕಿಗೆ ಹುಳ ಬಿದ್ದಾಗ ಬದಲಿಸುತ್ತಾಳೆ, ಯಾರಿಗೆ ಒಪ್ಪಿಸಬೇಕೋ ತಿಳಿಯದೆ ಮತ್ತೆ ಕಟ್ಟುತ್ತಾಳೆ. ಅವಳ ಮೇಲೆ ಸಿಟ್ಟು ಮಾಡಬೇಕೆಂದು ಬೆಳಿಗ್ಗೆಯಿಂದ ತಯಾರಾಗಿ ಕೂತಿದ್ದವಳು ನಾನು. ಒಳಗೆ ಹೋಗಿ ಹುಡುಗಿಯ ಎರಡು ಲಂಗ ಮಡಿಸಿದೆ, ಮತ್ತೆ ಬಿಚ್ಚಿದೆ. ಹುಡುಗಿ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ‘ಅಜ್ಜಿ ಜೋಡಿ ಹೋಗತಿಯೇನ?’ ಅಂದೆ. ‘ನೀವು ಹೋಗಂದ್ರ ಹೋಗತೇನ್ರಿ’ ಅಂದಳು.

ಓಣಿಗೆ ಓಣಿಯೇ ಆಟಕ್ಕೆ ಹೊರಟಾಗ ಮುದುಕಿಯೊಬ್ಬಳನ್ನೇ ಕಟ್ಟೆಯ ಮೇಲೆ ಬಿಡುವುದು ಹೇಗೆ? ನಾನು ಕರೆದೆ, ಅವಳು ಗಂಟು ಎತ್ತಿಕೊಂಡು ಬಂದಳು. ಅದು ಎಂಥ ಆಟ, ಅದರಲ್ಲಿ ಯಾರು ಬರುತ್ತಾರೆ, ಏನು ಉಟ್ಟು ಬರುತ್ತಾರೆ ಎಂದು ಹೇಳಬೇಕೆಂದು ದಾರಿಯುದ್ದಕ್ಕೂ ಅಂದುಕೊಂಡೆ. ಸುತ್ತ ಹೆಂಗಸರು, ಮಾತು, ಗದ್ದಲ, ಬಾಯಿ ಬರಲಿಲ್ಲ.

ಅರಳೆ ಅಂಗಡಿಯ ಹಿಂದಿನ ಅಂಗಳದಲ್ಲಿ ದೀಪ ಹಚ್ಚುವ ಹೊತ್ತಿಗೆ ಪರದೆ ಎದ್ದಿತು. ಹಗ್ಗ ಕಟ್ಟಿ ಹೆಂಗಸರಿಗೆ ಒಂದು ಬದಿ ಬಿಟ್ಟಿದ್ದರು. ನಾವು ಮುಂದೆಯೇ ಕೂತೆವು: ಅಜ್ಜಿ, ನಡುವೆ ಹುಡುಗಿ, ಈಚೆ ನಾನು. ರಾಣಿಯನ್ನು ಹಗೇವಿಗೆ ಇಳಿಸಿದಾಗ ಹೆಂಗಸರೆಲ್ಲ ಮೂಗೊರೆಸಿಕೊಂಡರು. ರಾಜನಿಗೆ ಎರಡನೇ ಮದುವೆಯಾಯಿತು. ದರ್ಜಿಯ ತಮ್ಮ ಬಂದು ಮಂಚದ ಮೇಲೆ ಉರುಳಿಕೊಂಡ. ಕಂದೀಲುಗಳನ್ನು ಸಣ್ಣ ಮಾಡಿದರು. ಆಗ ದೆವ್ವ ಬಂತು.

ಆ ಬಳೆಗಾರನನ್ನು ನಾನು ದಿನಾ ನೋಡುವವಳು. ಆದರೂ ಆ ಸೀರೆ ಉಟ್ಟು, ಸೆರಗು ತಲೆಯ ಮೇಲೆ ಎಳೆದುಕೊಂಡು, ಉಳುಕಿದ ಕಾಲನ್ನು ಮೆಲ್ಲಗೆ ಊರುತ್ತ ಬಂದಾಗ ನನ್ನ ಕೈ ತಾನಾಗಿ ಪದಕಕ್ಕೆ ಹೋಯಿತು. ಹೆಂಗಸರ ಬದಿಯಲ್ಲಿ ಎಲ್ಲರೂ ಮೊದಲು ನೋಡಿದ್ದು ಪಾದ. ಪಾದ ನೆಟ್ಟಗಿದ್ದವು. ಹಿಂದೆ ಯಾರೋ ಅಂದರು, “ಇದು ದೆವ್ವ ಅಲ್ಲವಾ, ಕಾಲ ನೋಡ್ರಿ. ಮುತ್ತೈದಿ ಬಂದಾಳ, ಉಡಿ ಬೇಡಾಕ ಬಂದಾಳ.” ಆ ಮಾತು ಸಾಲಿನಿಂದ ಸಾಲಿಗೆ ಹರಿಯಿತು. ಹೆದರಿಸಲು ಬಂದ ದೆವ್ವಕ್ಕೆ ಹೆಂಗಸರು ಕೈ ಮುಗಿಯತೊಡಗಿದರು.

ನಾನು ಅಜ್ಜಿಯ ಕಡೆ ನೋಡಿದೆ. ಅವಳು ಸೀರೆಯನ್ನು ನೋಡುತ್ತಿದ್ದಳು. ತಾನೇ ಆರಿಸಿ, ತಾನೇ ಉಡಿಸಿ ಕಳಿಸಿದ ಸೀರೆ.

ಮೇಲೆ ರಾಜ ಮೊಣಕಾಲೂರಿದ. “ಹಗೇವಿನ ಬಾಯಿತನಕ ಬಂದೆನು. ಕೂಗಿದೆನು. ನೀನು ಓಗೊಟ್ಟೆ. ಆದರೂ ನಾನು ಒಳಗೆ ಇಳಿಯಲಿಲ್ಲ.” ತಾಲೀಮಿನಲ್ಲಿ ನನ್ನ ಗಂಡ ಎಂದೂ ಹಾಗೆ ಹೇಳಿರಲಿಲ್ಲ. ಮುದುಕಿ ಎದುರಿಗೇ ಕೂತಿರುವುದು ಅವರಿಗೆ ಕಾಣುತ್ತಿತ್ತು.

ಅಜ್ಜಿ ಎದ್ದಳು. ಹಗ್ಗ ಎತ್ತಿ ನುಸುಳಿ, ಹಲಗೆಯ ಮೆಟ್ಟಿಲು ಹತ್ತಿದಳು. ಗಂಡಸರ ಕಡೆ ಒಬ್ಬಿಬ್ಬರು ನಕ್ಕರು. ಅವಳು ಬಳೆಗಾರನ ಎದುರು ಕೂತು ಗಂಟು ಬಿಚ್ಚಿದಳು. ಅವನ ಸೆರಗು ತಾನಾಗಿ ಮುಂದೆ ಬಂತು. ಅಷ್ಟು ವರ್ಷ ರಾಣಿಯಾಗಿದ್ದವನಿಗೆ ಉಡಿ ಒಡ್ಡುವುದು ಬೇರೆ ಕಲಿಸಬೇಕೆ? ಅಕ್ಕಿ, ಖಣ, ಕೊಬ್ಬರಿ, ಅರಿಷಿಣ ಒಂದೊಂದನ್ನೇ ಹಾಕಿದಳು. ಹಣೆಗೆ ಕುಂಕುಮ ಹಚ್ಚಿದಳು. ಆಮೇಲೆ, ಮೈಮೇಲೆ ದೇವಿ ಬಂದವರನ್ನು ನಮ್ಮ ಕಡೆ ಹೇಗೆ ಕೇಳುತ್ತಾರೋ ಹಾಗೆಯೇ ಕೇಳಿದಳು:

“ಮಗಳ, ಕೂಸನ್ನ ಇಲ್ಲೇ ಬಿಡ್ಲೋ, ಕರಕೊಂಡು ಹೋಗ್ಲೋ? ಬಾಯಿ ಬಿಟ್ಟು ಹೇಳು.”

ಬಳೆಗಾರ ರಾಜನ ಕಡೆ ನೋಡಿದ. ರಾಜ ತಲೆ ಎತ್ತಲಿಲ್ಲ. ಆ ಬಡಪಾಯಿ ಏನು ಮಾಡಬೇಕು? ಪರದೆಯ ಹಿಂದಿನಿಂದ ಪಾರ್ಟು ನೆನಪಿಸುವವನು ಪಿಸುಗುಟ್ಟಿದ. ಬಾಯಿಪಾಠವಿದ್ದ ಮುಂದಿನ ಮಾತು ಅವನ ಬಾಯಿಂದ ಹೊರಬಿತ್ತು:

“ಈ ಅರಮನೆಯ ಅನ್ನ ನನ್ನ ಕೂಸಿಗೆ ವಿಷ.”

ಅದು ರಾಜನಿಗೆ ಕೊಡುವ ಶಾಪ. ತಾಲೀಮಿನಲ್ಲಿ ನೂರು ಸಲ ಕೇಳಿದ್ದ ಮಾತು. ಆದರೆ ಪ್ರಶ್ನೆಯ ಹಿಂದೆಯೇ ಬಂದದ್ದರಿಂದ ಅದು ಉತ್ತರವಾಯಿತು. ಹೆಂಗಸರು ‘ಹೌದವ್ವಾ’ ಎಂದು ನಿಟ್ಟುಸಿರಿಟ್ಟರು. ಕೆಲವರು ನನ್ನ ಕಡೆ ತಿರುಗಿ ನೋಡಿದರು. ಅಜ್ಜಿ ತಲೆದೂಗಿ, ಹುಡುಗಿಯ ಕಡೆ ಕೈ ಚಾಚಿದಳು. ಹುಡುಗಿ ಏಳತೊಡಗಿದಳು. ಏಳು ಅಂದರೆ ಏಳುವ ಹುಡುಗಿ ಅಲ್ಲವೇ.

ನಾನು ಯಾವಾಗ ಎದ್ದೆನೋ ತಿಳಿಯದು. ಹುಡುಗಿಯ ತೋಳು ನನ್ನ ಕೈಯಲ್ಲಿತ್ತು.

“ಆಗೂದಿಲ್ಲ” ಅಂದೆ. ಅಜ್ಜಿಗಲ್ಲ, ಗಂಡನಿಗಲ್ಲ, ಆ ಸೀರೆಗೆ. “ಕೇಳಿಲ್ಲೆ. ನನ್ನ ಸೀರಿ ಮೊದಲ ನೀ ಉಟ್ಟಿ, ಕೊಟ್ಟೆ. ಹೋಳಿಗಿ ಮೊದಲ ನೀ ಉಂಡಿ, ಇಟ್ಟೆ. ನನ್ನ ಕೂಸು ಹ್ವಾದಾಗ ಮಂದಿ ನಿನ್ನ ಹೆಸರು ಹೇಳಿದ್ರು, ನಾ ಹೇಳಲಿಲ್ಲ. ನಿನಗ ದಿನಾ ಬೈದೇನಿ, ಖರೆ. ನೀ ಇಲ್ಲ ಅಂತ ಒಂದ ದಿನಾನೂ ತಿಳದಿಲ್ಲ. ಮತ್ತ ನೀ ನಾಕ ಮಂದ್ಯಾಗ ನಿಂತು ನನ್ನ ಅನ್ನಾ ವಿಷ ಅಂತಿ? ಮೂರ ವರ್ಷ ನಾ ಬಡದ ರೊಟ್ಟಿ ತಿಂದಾಳ, ಇಲ್ಲೆ ಬಾ, ಮೈ ಮುಟ್ಟಿ ನೋಡು. ಬೇಕಾದ್ದ ಕೇಳು, ಕೊಡತೇನಿ. ಈ ಹುಡಿಗಿನ್ನ ಕೊಡೂದಿಲ್ಲ.”

ಧ್ವನಿ ಎಷ್ಟು ಏರಿತ್ತೆಂದರೆ ಮಂಚದ ಮೇಲಿದ್ದ ಎರಡನೇ ರಾಣಿ ಎದ್ದು ಕೂತುಬಿಟ್ಟ. ಬಳೆಗಾರ ತುಂಬಿದ ಉಡಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, ನಮಗೆ ಬೆನ್ನು ಮಾಡಲು ಧೈರ್ಯವಿಲ್ಲದೆ ಹಿಂದುಹಿಂದಕ್ಕೇ ನಡೆದು ಒಳಗೆ ಹೋದ. ಯಾರೋ ಪರದೆ ಇಳಿಸಿದರು.

ಆಟ ಸ್ವಲ್ಪ ಹೊತ್ತಿನ ಮೇಲೆ ಮತ್ತೆ ನಡೆಯಿತಂತೆ, ರಾಜ ಸತ್ತನಂತೆ, ಮಂಗಳವೂ ಆಯಿತಂತೆ. ಮುಂದೆ ಕಿತ್ತೂರಿನಲ್ಲಿ ಅದೇ ಆಟವಾಡಿದಾಗ ನನ್ನ ಗಂಡ ಎರಡನೇ ರಾಣಿಗೂ ದೆವ್ವ ಕಾಣುವ ಹಾಗೆ ಮಾಡಿ ಒಂದು ಉದ್ದನೆಯ ಮಾತು ಬರೆದಿದ್ದರು. ಬಲು ಚಂದದ ಮಾತು. ಉಪ್ಪು ಮಾತ್ರ ಇರಲಿಲ್ಲ. ಆ ದಿನ ನಾನು ಅಲ್ಲಿ ನಿಲ್ಲಲಿಲ್ಲ, ಹುಡುಗಿಯನ್ನು ಎಳೆದುಕೊಂಡು ಮನೆಗೆ ಬಂದೆ. ತಪ್ಪು ಮಾಡಿದೆನೆಂದು ಆಗಲೂ ಅನಿಸಲಿಲ್ಲ, ಈಗಲೂ ಅನಿಸುವುದಿಲ್ಲ. ಗಂಡ ಬಂದು ಬಣ್ಣ ತೊಳೆದುಕೊಂಡು, ನನ್ನ ಹತ್ತಿರ ಕೂತರು. ಆ ಗುಡಿಸಲಿನ ಬಾಗಿಲಿನ ಸಂಗತಿಯನ್ನು ರಾಜನ ಮಾತಿನಲ್ಲಲ್ಲ, ತಮ್ಮ ಮಾತಿನಲ್ಲಿ ಹೇಳಿದರು. ಅವಳು ಒಳಗಿನಿಂದ, ‘ಒಳಗ ಬರಬ್ಯಾಡ್ರಿ, ಕೂಸನ್ನ ನೋಡ್ಕೋರಿ’ ಎಂದು ಕೂಗಿದ್ದಳಂತೆ. ಅದಕ್ಕೇ ಅವರಿಗೆ ತಮ್ಮನ್ನು ಮನ್ನಿಸಿಕೊಳ್ಳಲು ಆಗಿರಲಿಲ್ಲ.

ಬೆಳಿಗ್ಗೆ ಎದ್ದಾಗ ಅಜ್ಜಿ ಕಟ್ಟೆಯ ಮೇಲೆ ಕೂತಿದ್ದಳು, ಗಾಡಿಗೆ ಎತ್ತು ಕಟ್ಟುತ್ತಿದ್ದರು. ನಾನು ಸೊಂಟಕ್ಕೆ ಸೆರಗು ಬಿಗಿದುಕೊಂಡೇ ಹೊರಗೆ ಬಂದೆ. ಅವಳು ಕೈ ಮುಂದೆ ಮಾಡಿ ನೀರು ಕೇಳಿದಳು. ತಂಬಿಗೆ ತಂದು ಕೊಟ್ಟೆ. ಗಟಗಟ ಕುಡಿದಳು.

“ನಮ್ಮ ಮನ್ಯಾಗ ಅಕಿ ಸುದ್ದಿ ಬಂದ್ರ ಎಲ್ಲಾರೂ ಬಾಯಿ ಮುಚ್ಚತಾರ. ಅಕಿ ಹೆಸರು ಕೇಳಿ ವರ್ಷಾತು ನಾ. ನೀ ಅಕಿ ಜೋಡಿ ಜಗಳಾ ಆಡತಿ. ಇದ್ದಾಕಿ ಜೋಡಿ ಆಡಿದಾಂಗ ಆಡತಿ” ಅಂದಳು. ತಂಬಿಗೆ ತಿರುಗಿ ಕೊಡುತ್ತ, “ಅಕಿ ಇಲ್ಲೇ ಅದಾಳವಾ. ಕೂಸು ತಾಯಿ ಇದ್ದಲ್ಲೇ ಇರ್ಲಿ.”

ನಾನು ಅತ್ತುಬಿಟ್ಟೆ. ಅವಳೂ ಅತ್ತಳು. ಗಾಡಿ ರಾಮದುರ್ಗದ ದಾರಿ ಹಿಡಿಯಿತು. ಹುಡುಗಿ ಬಾಗಿಲ ಮೂಲೆಯಲ್ಲಿ ನಿಂತು ಎಲ್ಲವನ್ನೂ ಕೇಳಿಸಿಕೊಂಡಳು.

ಒಳಗೆ ಬಂದು ಒಲೆ ಹಚ್ಚಿದೆ. ಹಿಟ್ಟು ನಾದಿ ಮೊದಲ ರೊಟ್ಟಿ ಹಂಚಿಗೆ ಹಾಕಿ, ‘ಬಾ, ಉಣ್ಣು ಬಾ’ ಎಂದು ಕರೆದೆ. ಬರಲಿಲ್ಲ. ಮೂರು ವರ್ಷದಲ್ಲಿ ಕರೆದಾಗ ಬರದಿದ್ದದ್ದು ಅದೇ ಮೊದಲು. ಇನ್ನೊಮ್ಮೆ ಕರೆಯುವಷ್ಟರಲ್ಲಿ ಹಿಂದಿನಿಂದ ಓಡಿ ಬಂದಳು.

“ಅಷ್ಟ ಮಂದ್ಯಾಗ ನಮ್ಮವ್ವಗ ಬೈದಿ” ಎಂದು ಕಿರುಚಿದಳು. “ನಮ್ಮವ್ವ ಏನ ಮಾಡಿದ್ಲ ನಿನಗ? ಯಾಕ ಬೈದಿ?” ಎರಡೂ ಮುಷ್ಟಿಯಿಂದ ನನ್ನ ಬೆನ್ನಿಗೆ ಗುದ್ದಿದಳು. ಮತ್ತೆ ಮತ್ತೆ ಗುದ್ದಿದಳು. ಅಷ್ಟು ದಿನ ಗೋಡೆಗೆ ತಟ್ಟೆ ಒರಗಿಸಿಟ್ಟ ಆ ಸಣ್ಣ ಕೈಗಳಲ್ಲಿ ಇಷ್ಟು ಬಲವಿತ್ತೇ ಅನಿಸಿತು. ತಿರುಗಿ ಹಿಡಿದುಕೊಂಡರೆ ಎಲ್ಲಿ ನಿಲ್ಲಿಸಿಬಿಡುತ್ತಾಳೋ ಎಂದು ನಾನು ಅಲುಗಾಡಲಿಲ್ಲ. ಗುದ್ದಿ ಗುದ್ದಿ ಕೈ ಸೋತ ಮೇಲೆ ನನ್ನ ಬೆನ್ನಿಗೇ ಮುಖ ಒತ್ತಿಕೊಂಡು, ತಾಯಿ ಸತ್ತ ಮೇಲೆ ಮೊದಲ ಸಲ ಬಾಯಿಬಿಟ್ಟು ಅತ್ತಳು. ಹಂಚಿನ ಮೇಲೆ ರೊಟ್ಟಿ ಹೊತ್ತಿ ಕರ್ರಗಾಯಿತು. ನಾನು ಅದನ್ನು ತಿರುವಿ ಹಾಕಲಿಲ್ಲ.